ಹೊಗೆ ಚಿತ್ರದ್ದು, ಬೆಂಕಿ ನಮ್ಮದು

ಲಿವರ್‌ಪೂಲಿನ ‘ಬ್ರೂಕ್ಸ್’ ಎಂಬ ಹಡಗಿನ ನಕ್ಷೆಯೊಂದು 1788ರ ಕೊನೆಯ ಹೊತ್ತಿಗೆ ಇಂಗ್ಲೆಂಡಿನ ಪ್ಲಿಮತ್ ಬಂದರಿನಲ್ಲಿ ಸಿದ್ಧವಾಯಿತು. ಹಡಗು ಕಟ್ಟುವವರು ಬಳಸುವಂಥದೇ ನಕ್ಷೆ ಅದು. ಮೇಲಿನಿಂದ ನೋಡಿದರೆ ಒಳಗಿನ ಅಟ್ಟ ಹೇಗಿದೆ, ಎಲ್ಲಿ ಅಡ್ಡಗೋಡೆ, ಎಲ್ಲಿ ಎಷ್ಟು ಜಾಗ ಎಂಬ ಲೆಕ್ಕಾಚಾರ. ಆದರೆ ಸರಕು ಇರಬೇಕಾದಲ್ಲಿ ಮನುಷ್ಯರಿದ್ದರು. ಸಾಲಿಗೆ ಸಾಲು, ಭುಜಕ್ಕೆ ಭುಜ ತಾಗಿಸಿ ಮಲಗಿಸಿದ ಪುಟ್ಟ ಕಪ್ಪು ಆಕೃತಿಗಳು. ಒಬ್ಬ ಗಂಡಸಿಗೆ 6 ಅಡಿ ಉದ್ದ, 16 ಇಂಚು ಅಗಲ. ಹೆಂಗಸರಿಗೂ ಮಕ್ಕಳಿಗೂ ಅದಕ್ಕಿಂತ ಕಡಿಮೆ. ಗಂಡಸರ ಕಾಲಿಗೆ ಸಂಕೋಲೆ.

ಆ ಚಿತ್ರದಲ್ಲಿ ರಕ್ತವಿಲ್ಲ. ಚಾವಟಿ ಇಲ್ಲ, ಚೀರುವ ಬಾಯಿಲ್ಲ, ಕ್ರೂರಿಯಾದ ಕಪ್ತಾನನೂ ಇಲ್ಲ. ಗುಲಾಮರ ವ್ಯಾಪಾರ ನಿಲ್ಲಿಸಬೇಕೆಂದು ಹೊರಟಿದ್ದ ಸಮಿತಿಯೊಂದು ಅದನ್ನು ಬರೆಸಿತ್ತಾದರೂ ಕರುಣೆ ಉಕ್ಕಿಸುವ ಒಂದು ಗೆರೆಯೂ ಅದರಲ್ಲಿರಲಿಲ್ಲ. ಮರುವರ್ಷ ಲಂಡನ್ನಿನ ಸಮಿತಿ ಅದನ್ನು ಇನ್ನಷ್ಟು ವಿಸ್ತರಿಸಿ ಏಳು ಸಾವಿರಕ್ಕೂ ಹೆಚ್ಚು ಪ್ರತಿ ಅಚ್ಚು ಹಾಕಿಸಿತು. ಚಳವಳಿಯ ಬೆನ್ನೆಲುಬಾಗಿದ್ದ ಥಾಮಸ್ ಕ್ಲಾರ್ಕ್‌ಸನ್ 1789ರಲ್ಲಿ ಪ್ಯಾರಿಸ್ಸಿಗೆ ಹೋಗುವಾಗ ಅದರ ಪ್ರತಿಗಳನ್ನು ಒಯ್ದ. ಕ್ರಾಂತಿಯ ನಾಯಕರಲ್ಲೊಬ್ಬನಾದ ಮಿರಬೋ ಅದನ್ನು ನೋಡಿ, ಅದೇ ಹಡಗಿನ ಮರದ ಮಾದರಿಯನ್ನೇ ಮಾಡಿಸಿಕೊಂಡ. ಚಿತ್ರ ಕಂಡವರೆಲ್ಲರೂ ಆ ಕ್ಷಣವೇ ಬೆಚ್ಚುತ್ತಿದ್ದರು ಎಂದು ಕ್ಲಾರ್ಕ್‌ಸನ್ ಆಮೇಲೆ ಬರೆದಿಟ್ಟಿದ್ದಾನೆ.

ಬೆಚ್ಚಿದ್ದು ಯಾಕೆ? ಗುಲಾಮರ ಹಡಗಿನ ಭೀಕರ ವರ್ಣನೆಗಳನ್ನು ಇಂಗ್ಲೆಂಡಿನ ಓದುಗರು ಅದಾಗಲೇ ಓದಿದ್ದರು. ನಕ್ಷೆಯ ಜಾಣತನ ಬೇರೆ ಕಡೆ ಇತ್ತು. 1788ರಲ್ಲಿ ಬ್ರಿಟಿಷ್ ಸಂಸತ್ತು ಒಂದು ಸುಧಾರಣಾ ಕಾಯ್ದೆ ಮಾಡಿ, ಹಡಗಿನ ಗಾತ್ರಕ್ಕೆ ತಕ್ಕಂತೆ ಇಷ್ಟೇ ಗುಲಾಮರನ್ನು ತುಂಬಬೇಕು ಎಂದು ಮಿತಿ ಹಾಕಿತ್ತು. ಬ್ರೂಕ್ಸ್‌ಗೆ ಸಿಕ್ಕ ಮಿತಿ 454. ಅದಕ್ಕೆ ಮೊದಲು ಒಂದು ಯಾನದಲ್ಲಿ ಆ ಹಡಗು 609 ಜನರನ್ನು ಸಾಗಿಸಿತ್ತೆಂದು ಚಿತ್ರದ ಜೊತೆಗಿನ ಬರಹವೇ ಹೇಳುತ್ತದೆ. ಸಮಿತಿ 609 ಜನರನ್ನು ಬರೆಸಬಹುದಿತ್ತು, ಬರೆಸಲಿಲ್ಲ. ಕಾನೂನು ಒಪ್ಪುವ ಸಂಖ್ಯೆಯ ಆಸುಪಾಸಿನಲ್ಲೇ ನಿಂತಿತು. ಅಂದರೆ ಜನ ನೋಡುತ್ತಿದ್ದದ್ದು ಕಾಯ್ದೆ ಮುರಿದ ಹಡಗನ್ನಲ್ಲ, ಕಾಯ್ದೆ ಪಾಲಿಸಿದ ಹಡಗನ್ನು. ಸುಧಾರಣೆ ಆದಮೇಲೂ ಇದು ಹೀಗೆ ಎಂದಾದರೆ, ಸುಧಾರಿಸಲು ಏನು ಉಳಿದಿದೆ? ಈ ಪ್ರಶ್ನೆಯನ್ನು ಚಿತ್ರ ಎಲ್ಲೂ ಕೇಳುವುದಿಲ್ಲ. ನೋಡಿದವನ ತಲೆಯಲ್ಲಿ ಅದು ತಾನಾಗಿ ಏಳುತ್ತದೆ.

ಇದನ್ನು ‘ವಾದ’ ಎನ್ನಬಹುದೇ? ವಾದಕ್ಕೆ ‘ಏಕೆಂದರೆ’, ‘ಆದ್ದರಿಂದ’ ಬೇಕು. ಚಿತ್ರಕ್ಕೆ ಅವೆರಡೂ ಗೊತ್ತಿಲ್ಲ. ಗೆರೆ, ಬಣ್ಣ, ಆಕೃತಿ ಇಷ್ಟೇ ಅದರ ಬಂಡವಾಳ. ಹಾಗಿದ್ದೂ ಅದು ನಮ್ಮನ್ನು ಒಂದು ತೀರ್ಮಾನಕ್ಕೆ ತಂದು ನಿಲ್ಲಿಸುತ್ತದೆ. ಹೇಗೆ ಎಂದು ತಿಳಿಯಲು ನಮ್ಮ ನ್ಯಾಯಶಾಸ್ತ್ರದ ಹಳೆಯ ಬೆಟ್ಟವನ್ನೇ ಒಮ್ಮೆ ಹತ್ತಿಬರಬಹುದು. ಬೆಟ್ಟದ ಮೇಲೆ ಬೆಂಕಿ ಇದೆ, ಇದು ಪ್ರತಿಜ್ಞೆ. ಹೊಗೆ ಕಾಣುತ್ತಿರುವುದರಿಂದ, ಇದು ಹೇತು. ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ, ಅಡುಗೆಮನೆಯಲ್ಲಿ ಕಂಡಂತೆ, ಇದು ಉದಾಹರಣೆ. ಈ ಬೆಟ್ಟದಲ್ಲೂ ಅಂಥದೇ ಹೊಗೆ ಇದೆ, ಇದು ಉಪನಯ. ಆದ್ದರಿಂದ ಬೆಂಕಿ ಇದೆ, ಇದು ನಿಗಮನ. ಐದು ಅಂಗಗಳಲ್ಲಿ ಇಡೀ ವಾದದ ಭಾರ ಹೊರುವುದು ಹೊಗೆಗೂ ಬೆಂಕಿಗೂ ಇರುವ ಬಿಡದ ನಂಟು. ನೈಯಾಯಿಕರು ಅದನ್ನು ವ್ಯಾಪ್ತಿ ಎನ್ನುತ್ತಾರೆ.

ಚಿತ್ರ ಈ ಐದರಲ್ಲಿ ಸಾಮಾನ್ಯವಾಗಿ ಒಂದನ್ನೇ ಕೊಡುತ್ತದೆ: ಹೊಗೆ. ವ್ಯಾಪ್ತಿಯನ್ನು ನಾವು ನಮ್ಮ ಜೇಬಿನಿಂದ ಹಾಕುತ್ತೇವೆ, ನಿಗಮನವನ್ನೂ ನಾವೇ ಎಳೆದುಕೊಳ್ಳುತ್ತೇವೆ. ಗ್ರೀಸಿನ ಅರಿಸ್ಟಾಟಲ್ ಕೂಡ ಭಾಷಣಕಲೆಯ ಬಗ್ಗೆ ಬರೆಯುವಾಗ ಇಂಥ ಅರ್ಧ ವಾದಗಳನ್ನೇ ಹೊಗಳಿದ್ದ. ಕೇಳುಗರಿಗೆ ಗೊತ್ತಿರುವುದನ್ನು ಹೇಳದೆ ಬಿಟ್ಟರೆ ಅವರೇ ತುಂಬಿಕೊಳ್ಳುತ್ತಾರೆ, ತುಂಬಿಕೊಂಡಾಗ ಹೆಚ್ಚು ಒಪ್ಪುತ್ತಾರೆ ಎಂಬುದು ಅವನ ಲೆಕ್ಕ. ನಮ್ಮವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಅನುಮಾನವನ್ನು ಎರಡಾಗಿ ಒಡೆದರು: ತನಗಾಗಿ ಮಾಡಿಕೊಳ್ಳುವ ಸ್ವಾರ್ಥಾನುಮಾನ, ಇನ್ನೊಬ್ಬನಿಗೆ ಒಪ್ಪಿಸಲು ಮಾಡುವ ಪರಾರ್ಥಾನುಮಾನ. ಐದು ಅಂಗಗಳ ಕಟ್ಟುನಿಟ್ಟೆಲ್ಲ ಎರಡನೆಯದಕ್ಕೆ. ತನಗೆ ತಾನೇ ಊಹಿಸುವವನಿಗೆ ಅಷ್ಟು ಶಿಸ್ತು ಬೇಡ, ಹೊಗೆ ಕಂಡರೆ ಸಾಕು. ಚಿತ್ರದ ಗುಟ್ಟು ಇಲ್ಲಿದೆ ಎಂದು ನನಗನ್ನಿಸುತ್ತದೆ. ಅದು ಬೇರೆಯವರು ನಮಗೆ ಒಪ್ಪಿಸಲು ಹೂಡಿದ ವಾದ. ಆದರೆ ನಮ್ಮೊಳಗೆ ನಡೆಯುವಾಗ ನಾವೇ ಕಂಡುಕೊಂಡ ಸತ್ಯದ ಹಾಗೆ ನಡೆಯುತ್ತದೆ. ಭಾಷಣಕಾರನನ್ನು ಅನುಮಾನಿಸುವವನು ತನ್ನ ಕಣ್ಣನ್ನು ಅನುಮಾನಿಸುವುದಿಲ್ಲ.

ವಿದ್ವಾಂಸರು ಈ ವಿಷಯಕ್ಕೆ ಕೈಹಾಕಿದ್ದು ತೀರ ತಡವಾಗಿ. ತರ್ಕಶಾಸ್ತ್ರದವರಿಗೆ ವಾಕ್ಯ ಬಿಟ್ಟರೆ ಬೇರೆ ಬೇಡವಾಗಿತ್ತು. ಕಲೆಯ ಇತಿಹಾಸಕಾರರಿಗೆ ವಾದ ಎಂಬ ಮಾತೇ ಒರಟಾಗಿ ಕೇಳುತ್ತಿತ್ತು. ಕೆನಡಾದ ವಿಂಡ್ಸರ್ ವಿಶ್ವವಿದ್ಯಾಲಯದಲ್ಲಿ ಆಂಥೊನಿ ಬ್ಲೇರ್ ಮತ್ತು ರಾಲ್ಫ್ ಜಾನ್ಸನ್ 1970ರ ದಶಕದಲ್ಲಿ ದಿನಬಳಕೆಯ ವಾದಗಳನ್ನು, ಅಂದರೆ ಸಂಪಾದಕೀಯ, ಜಾಹೀರಾತು, ರಾಜಕಾರಣಿಯ ಹೇಳಿಕೆಗಳನ್ನು ಪರೀಕ್ಷಿಸುವ ತರ್ಕವೊಂದನ್ನು ಬೆಳೆಸಲು ಹೊರಟರು. ಜಾಹೀರಾತು ಒಳಗೆ ಬಂದಮೇಲೆ ಚಿತ್ರವನ್ನು ಹೊರಗಿಡುವುದು ಕಷ್ಟವಾಯಿತು. 1996ರಲ್ಲಿ ಅಮೆರಿಕದ ‘ಆರ್ಗ್ಯುಮೆಂಟೇಷನ್ ಅಂಡ್ ಅಡ್ವೊಕಸಿ’ ಪತ್ರಿಕೆ ದೃಶ್ಯವಾದಕ್ಕಾಗಿಯೇ ವಿಶೇಷ ಸಂಚಿಕೆ ತಂದಾಗ ಜಗಳ ಬಯಲಿಗೆ ಬಿತ್ತು.

ಡೇವಿಡ್ ಬರ್ಡ್ಸೆಲ್ ಮತ್ತು ಲಿಯೊ ಗ್ರೋರ್ಕ್ ಚಿತ್ರದ ಪರ ನಿಂತರು. ಚಿತ್ರದ ಅರ್ಥ ಅಸ್ಪಷ್ಟ ಎಂದು ದೂರುವಿರಿ, ಮಾತಿನ ಅರ್ಥ ಮಾತ್ರ ಸ್ಪಷ್ಟವೇ ಎಂಬುದು ಅವರ ಮರುಪ್ರಶ್ನೆ. ಮಾತಿಗೆ ಸಂದರ್ಭ ಇರುವಂತೆ ಚಿತ್ರಕ್ಕೂ ಇದೆ: ಅಕ್ಕಪಕ್ಕದ ಚಿತ್ರಗಳು, ಕೆಳಗಿನ ಬರಹ, ಆ ಸಮಾಜದ ನೋಡುವ ರೂಢಿ. ಅದೇ ಸಂಚಿಕೆಯಲ್ಲಿ ಡೇವಿಡ್ ಫ್ಲೆಮಿಂಗ್ ಒಪ್ಪಲಿಲ್ಲ. ವಾದ ಎಂದರೆ ಎರಡು ಭಾಗ, ಒಂದು ಹೇಳಿಕೆ, ಒಂದು ಆಧಾರ; ಚಿತ್ರದಲ್ಲಿ ಯಾವುದು ಯಾವುದೆಂದು ಬಿಡಿಸಲಾಗದು; ಅದಕ್ಕಿಂತ ಮುಖ್ಯವಾಗಿ, ಅಲ್ಲಗಳೆಯಲು ಬರದಿದ್ದದ್ದು ವಾದವೇ ಅಲ್ಲ, ಚಿತ್ರವನ್ನು ಅಲ್ಲಗಳೆಯುವುದು ಹೇಗೆ? ಚಿತ್ರ ಸಾಕ್ಷಿಯಾಗಬಲ್ಲದು, ವಾದಿಯಾಗಲಾರದು ಎಂದು ಅವರ ತೀರ್ಪು. ಬ್ಲೇರ್ ನಡುವೆ ನಿಂತರು. ದೃಶ್ಯವಾದ ಸಾಧ್ಯವಿದೆ, ಆದರೆ ವಾದದ ಹೆಸರಲ್ಲಿ ಓಡಾಡುವ ಚಿತ್ರಗಳಲ್ಲಿ ಹೆಚ್ಚಿನವು ವಾದಿಸುವುದಿಲ್ಲ, ಒಲಿಸುತ್ತವೆ ಅಷ್ಟೇ ಎಂದರು. ಅವರ ಜೊತೆಗಾರ ಜಾನ್ಸನ್ ಸಂದೇಹಿಯಾಗಿಯೇ ಉಳಿದರು.

ಇದಕ್ಕೆ ಎರಡು ದಶಕ ಹಿಂದೆ, 1975ರಲ್ಲಿ, ಸೋಲ್ ವರ್ತ್ ಎಂಬ ಸಂವಹನ ಪಂಡಿತರು ಇನ್ನೊಂದು ಮೊಳೆ ಹೊಡೆದಿದ್ದರು. ಚಿತ್ರಕ್ಕೆ ‘ಇಲ್ಲ’ ಎನ್ನಲು ಬರುವುದಿಲ್ಲ ಎಂಬುದು ಅವರ ಮಾತು. ಮಳೆ ಬರುವ ಚಿತ್ರ ಬರೆಯಬಹುದು, ‘ಮಳೆ ಬರಲಿಲ್ಲ’ ಎಂಬ ಚಿತ್ರ ಬರೆದು ತೋರಿಸಿ ನೋಡೋಣ. 1929ರಲ್ಲಿ ಮಗ್ರಿಟ್ ಎಂಬ ಬೆಲ್ಜಿಯಂ ಕಲಾವಿದ ಹೊಗೆಸೊಪ್ಪಿನ ಪೈಪಿನ ಚಿತ್ರ ಬರೆದು ‘ಇದು ಪೈಪ್ ಅಲ್ಲ’ ಎನ್ನಬೇಕಾದಾಗ ಕೆಳಗೆ ಅಕ್ಷರ ಬರೆಯದೆ ಗತಿಯಿರಲಿಲ್ಲ.

ಚಿತ್ರವನ್ನು ಅಲ್ಲಗಳೆಯುವುದು ಹೇಗೆ ಎಂದು ಫ್ಲೆಮಿಂಗ್ ಎತ್ತಿದ ಪ್ರಶ್ನೆ ಗಟ್ಟಿ. ಅದಕ್ಕೆ ಉತ್ತರ ಮಾತ್ರ ತರ್ಕಶಾಸ್ತ್ರದ ಪುಸ್ತಕದಲ್ಲಿ ಸಿಗಲಿಲ್ಲ, ಬ್ರೂಕ್ಸ್ ಹಡಗಿನಲ್ಲೇ ಸಿಕ್ಕಿತು. ಆ ನಕ್ಷೆಯನ್ನು ಮೆಚ್ಚುವವರು ಮೊದಲು ಗಮನಿಸದ ಒಂದು ದೋಷ ಅದರಲ್ಲಿದೆ. ಮಾರ್ಕಸ್ ವುಡ್‌ರಂಥ ಇತಿಹಾಸಕಾರರು ಅದನ್ನು ಎತ್ತಿ ತೋರಿಸಿದ್ದಾರೆ. ಮಲಗಿದ ಆಕೃತಿಗಳೆಲ್ಲ ಒಂದೇ ಅಚ್ಚಿನವು. ಯಾರಿಗೂ ಮುಖವಿಲ್ಲ, ಹೆಸರಿಲ್ಲ, ಕೈ ಎತ್ತುವ ಶಕ್ತಿಯಿಲ್ಲ. ಗುಲಾಮರ ಹಡಗುಗಳಲ್ಲಿ ದಂಗೆಗಳು ಎದ್ದಿದ್ದವು, ಅನ್ನ ಬಿಟ್ಟು ಪ್ರತಿಭಟಿಸಿದವರಿದ್ದರು, ಸಮುದ್ರಕ್ಕೆ ಹಾರಿದವರಿದ್ದರು. ನಕ್ಷೆಯಲ್ಲಿ ಅವರು ಯಾರೂ ಇಲ್ಲ. ವ್ಯಾಪಾರಿ ಅವರನ್ನು ಸರಕೆಂದು ಎಣಿಸಿದ. ಉದ್ಧಾರಕರೂ ಸರಕಿನ ಹಾಗೆಯೇ ಬರೆದರು. ಹಡಗಿನ ಬಿಳಿಯ ನಾವಿಕರು ಚಿತ್ರದಿಂದ ಮಾಯವಾಗಿದ್ದರಿಂದ ತಪ್ಪು ಯಾರದೆಂಬುದೂ ಮಸುಕಾಯಿತು.

ಪಶ್ಚಿಮ ಆಫ್ರಿಕಾದ ಬೆನಿನ್ ದೇಶದ ಕಲಾವಿದ ರೊಮುವಾಲ್ಡ್ ಹಜುಮೆ ಇದಕ್ಕೆ ಉತ್ತರ ಕೊಟ್ಟರು, ಅದೂ ಚಿತ್ರದಲ್ಲೇ. 1997ರಿಂದ 2005ರವರೆಗೆ ಅವರು ಕಟ್ಟಿದ ಕಲಾಕೃತಿಯಲ್ಲಿ 304 ಮುಖವಾಡಗಳಿವೆ. ಎಲ್ಲವೂ ಪೆಟ್ರೋಲ್ ಕಳ್ಳಸಾಗಣೆಗೆ ಬಳಸಿ ಎಸೆದ ಪ್ಲಾಸ್ಟಿಕ್ ಕ್ಯಾನ್‌ಗಳಿಂದ ಮಾಡಿದವು. ಜೋಡಿಸಿರುವುದು ಬ್ರೂಕ್ಸ್ ನಕ್ಷೆಯ ಆಕಾರದಲ್ಲಿ. ಆದರೆ ಒಂದು ಕ್ಯಾನಿನ ಹಾಗೆ ಇನ್ನೊಂದಿಲ್ಲ. ಪ್ರತಿಯೊಂದಕ್ಕೂ ತನ್ನದೇ ಬಾಯಿ, ತನ್ನದೇ ಚಹರೆ. ಜೊತೆಗೆ ಗುಲಾಮರ ಹೆಸರುಗಳನ್ನು ಹೇಳುವ ದನಿಗಳು ಕೇಳಿಸುತ್ತವೆ. ಬ್ರಿಟಿಷ್ ಮ್ಯೂಸಿಯಂ ಅದನ್ನು 2007ರಲ್ಲಿ ಪ್ರದರ್ಶಿಸಿತು. ಬ್ರಿಟನ್ ಗುಲಾಮರ ವ್ಯಾಪಾರ ನಿಷೇಧಿಸಿ ಆಗ ಇನ್ನೂರು ವರ್ಷ. ಹಜುಮೆ ಹಳೆಯ ಚಿತ್ರದ ಹೇತುವನ್ನು ಒಪ್ಪಿಕೊಂಡು ಅದರ ಒಳಗಿನ ಅಹಂಕಾರವನ್ನು ಅಲ್ಲಗಳೆದರು. ಪೂರ್ವಪಕ್ಷವನ್ನು ಪೂರ್ತಿ ಹೇಳಿ ಆಮೇಲೆ ಖಂಡಿಸುವ ನಮ್ಮ ಹಳೆಯ ವಾಕ್ಯಾರ್ಥದ ಪದ್ಧತಿಗೆ ಇದಕ್ಕಿಂತ ಒಳ್ಳೆಯ ದೃಶ್ಯರೂಪ ನನಗೆ ಗೊತ್ತಿಲ್ಲ.

ಛಾಯಾಚಿತ್ರದ ವಿಷಯ ಬಂದಾಗ ತೊಡಕು ಬೇರೆ. ಬರೆದ ಚಿತ್ರವನ್ನು ಯಾರೋ ಬರೆದಿದ್ದಾರೆಂದು ನಮಗೆ ಗೊತ್ತಿರುತ್ತದೆ. ಫೋಟೋವನ್ನು ಲೋಕವೇ ಬರೆದಿದೆ ಎಂದು ನಂಬುತ್ತೇವೆ. 1936ರ ಮೇ ತಿಂಗಳಲ್ಲಿ ಆರ್ಥರ್ ರಾತ್‌ಸ್ಟೈನ್ ಎಂಬ ತರುಣ ಛಾಯಾಗ್ರಾಹಕ ಅಮೆರಿಕ ಸರ್ಕಾರದ ಪುನರ್ವಸತಿ ಇಲಾಖೆಯ ಪರವಾಗಿ ಬರಗಾಲದ ಚಿತ್ರ ತೆಗೆಯುತ್ತ ದಕ್ಷಿಣ ಡಕೋಟಾದಲ್ಲಿ ತಿರುಗುತ್ತಿದ್ದ. ಬಿರುಕು ಬಿಟ್ಟ ಸೌಳು ನೆಲದ ಮೇಲೆ ಬಿಸಿಲಿಗೆ ಬೆಳ್ಳಗಾದ ದನದ ತಲೆಬುರುಡೆ ಸಿಕ್ಕಿತು. ನೆರಳು ಬೆಳಕು ನೋಡಿಕೊಂಡು ಬುರುಡೆಯನ್ನು ಹತ್ತು ಅಡಿಯಷ್ಟು ಸರಿಸಿ ಬೇರೆ ಬೇರೆ ಕಡೆ ಇಟ್ಟು ಹಲವು ಚಿತ್ರ ತೆಗೆದ. ಪತ್ರಿಕೆಗಳು ಅವನ್ನು ಬರದ ಮುಖವೆಂದು ಅಚ್ಚು ಹಾಕಿದವು. ಅದೇ ಆಗಸ್ಟಿನಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಬರಪೀಡಿತ ಪ್ರದೇಶಗಳಿಗೆ ರೈಲಿನಲ್ಲಿ ಹೊರಟಾಗ ಉತ್ತರ ಡಕೋಟಾದ ‘ಫಾರ್ಗೊ ಫೋರಂ’ ಪತ್ರಿಕೆ ಸಿಡಿಯಿತು: ಒಂದೇ ಬುರುಡೆ ಬೇರೆ ಬೇರೆ ಹಿನ್ನೆಲೆಯಲ್ಲಿ ಇದೆ, ಇದು ಸರ್ಕಾರಿ ಸುಳ್ಳು. ಚುನಾವಣೆಯ ವರ್ಷ ಬೇರೆ. ವಿರೋಧಿಗಳಿಗೆ ಹಬ್ಬವಾಯಿತು.

ಬರಗಾಲ ಸುಳ್ಳಾಗಿರಲಿಲ್ಲ. ಹೊಲಗಳು ಒಣಗಿದ್ದವು, ದನಗಳು ಸತ್ತಿದ್ದವು, ಜನ ಗುಳೆ ಹೊರಟಿದ್ದರು. ಆದರೆ ಚಿತ್ರದ ವಾದ ಮುರಿದುಬಿತ್ತು. ಯಾಕೆಂದು ಕಾರಾ ಫಿನ್ನೆಗನ್ ಎಂಬ ಅಮೆರಿಕದ ವಿದ್ವಾಂಸೆ 2001ರಲ್ಲಿ ಬಿಡಿಸಿ ಹೇಳಿದರು. ಫೋಟೋ ನೋಡುವಾಗ ನಾವು ಹೇಳದೆಯೇ ತುಂಬಿಕೊಳ್ಳುವ ಮೊದಲ ವ್ಯಾಪ್ತಿ ಎಂದರೆ ‘ಇದು ಇದ್ದದ್ದು ಇದ್ದ ಹಾಗೆ’ ಎಂಬುದು. ಬುರುಡೆ ಹತ್ತು ಅಡಿ ಸರಿದಾಗ ಸರಿದದ್ದು ಆ ನಂಬಿಕೆ. ಬರದ ಬಗ್ಗೆ ಸರ್ಕಾರ ಎಷ್ಟು ಅಂಕಿಅಂಶ ಸುರಿದರೂ ಅದು ಮರಳಿ ಕೂರಲಿಲ್ಲ. ಈಗ ಯಂತ್ರವೇ ಇಲ್ಲದ ಬುರುಡೆಯನ್ನು ಇಲ್ಲದ ನೆಲದ ಮೇಲೆ ಸೃಷ್ಟಿಸಿ ಕೊಡುವ ಕಾಲದಲ್ಲಿ ಆ ವ್ಯಾಪ್ತಿ ಎಷ್ಟು ದಿನ ಬಾಳೀತು ಎಂಬುದು ಎಲ್ಲರೂ ಕೇಳುತ್ತಿರುವ ಪ್ರಶ್ನೆ. ಅದನ್ನು ಇಲ್ಲಿಗೇ ಬಿಡುತ್ತೇನೆ.

ರಾತ್‌ಸ್ಟೈನನ ವಿರೋಧಿಗಳು ಎತ್ತಿದ ಇನ್ನೊಂದು ಆಕ್ಷೇಪ ನನಗೆ ಹೆಚ್ಚು ಗಂಭೀರವಾಗಿ ಕಾಣುತ್ತದೆ. ಆ ಸೀಮೆಯಲ್ಲಿ ದನದ ಬುರುಡೆ ಯಾವ ವರ್ಷ ಬೇಕಾದರೂ ಸಿಗುತ್ತದೆ, ಸೌಳು ನೆಲ ಒಳ್ಳೆಯ ಮಳೆಯ ವರ್ಷವೂ ಒಣಗಿದಾಗ ಬಿರುಕು ಬಿಡುತ್ತದೆ ಎಂದರು. ಹೊಗೆ ಇದೆ ನಿಜ, ಆದರೆ ಈ ಹೊಗೆಗೆ ಆ ಬೆಂಕಿಯೇ ಕಾರಣವಾಗಬೇಕಿಲ್ಲ. ನೈಯಾಯಿಕರು ಹೇಳುವ ಹೇತ್ವಾಭಾಸದ, ಅಂದರೆ ಹುಸಿ ಹೇತುವಿನ, ಪಾಠವೇ ಇದು. ನಮ್ಮ ಪತ್ರಿಕೆಗಳೂ ಈ ಆಕ್ಷೇಪವನ್ನು ಎದೆಗೆ ಹಾಕಿಕೊಳ್ಳಬೇಕು. ಬರದ ಸುದ್ದಿ ಎಂದೊಡನೆ ಬಿರುಕು ಬಿಟ್ಟ ಕೆರೆ ಅಂಗಳ, ನಡುವೆ ಆಕಾಶ ನೋಡುತ್ತ ಕೂತ ರೈತ. ಹೂಳು ತುಂಬಿದ ಕೆರೆ ಬರವಿಲ್ಲದ ಬೇಸಿಗೆಯಲ್ಲೂ ಹಾಗೆಯೇ ಒಡೆಯುತ್ತದೆ. ಆ ಚಿತ್ರ ತೋರಿಸುವುದು ಕೆಲವೊಮ್ಮೆ ಮಳೆಯ ಕೊರತೆಯನ್ನಲ್ಲ, ಹೂಳೆತ್ತದ ನಮ್ಮ ಸೋಮಾರಿತನವನ್ನು. ಹೊಣೆ ಮಾತ್ರ ಆಕಾಶದ ಮೇಲೆ ಹೋಗುತ್ತದೆ.

ಚಿತ್ರದಲ್ಲಿ ವಾದ ಹೂಡುವುದನ್ನು ಕಲಿಯಲು ಕನ್ನಡಿಗರು ಪ್ಲಿಮತ್‌ಗೆ ಹೋಗಬೇಕಿಲ್ಲ. ಊರ ಬಾಗಿಲಲ್ಲಿ, ಕೆರೆ ಏರಿಯ ಮೇಲೆ, ಗುಡಿಯ ಮುಂದೆ ಸಾವಿರಗಟ್ಟಲೆ ವೀರಗಲ್ಲುಗಳು ನಿಂತಿವೆ. ಸಾಮಾನ್ಯ ವೀರಗಲ್ಲಿನಲ್ಲಿ ಮೂರು ಪಟ್ಟಿಕೆ, ಓದುವುದು ಕೆಳಗಿನಿಂದ ಮೇಲಕ್ಕೆ. ಕೆಳಗೆ ಕಾಳಗ: ತುರುಗೊಳ್, ಅಂದರೆ ದನ ಸೂರೆಯ ಕಾಳಗ, ಆಗಿದ್ದರೆ ದನಗಳು, ಬಿಲ್ಲು ಕತ್ತಿ, ಬೀಳುತ್ತಿರುವ ಮೈಗಳು. ನಡುವೆ ಅಪ್ಸರೆಯರು ಅಕ್ಕಪಕ್ಕ ನಿಂತು ವೀರನನ್ನು ಮೇಲಕ್ಕೆ ಒಯ್ಯುತ್ತಾರೆ. ಮೇಲೆ ಅವನು ಶಿವಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ, ನಂದಿ ಇದೆ, ಪೂಜಾರಿ ಇದ್ದಾನೆ. ನೆತ್ತಿಯಲ್ಲಿ ಸೂರ್ಯ ಚಂದ್ರ.

ಪಟ್ಟಿಕೆಯಿಂದ ಪಟ್ಟಿಕೆಗೆ ಕಣ್ಣು ಏರುವಾಗ ಆಗುವುದು ಬರಿಯ ಕಥೆಯಲ್ಲ. ಕೆಳಗಿನದು ಊರವರು ಕಣ್ಣಾರೆ ಕಂಡದ್ದು. ಅವನು ಸತ್ತದ್ದು ಎಲ್ಲರಿಗೂ ಗೊತ್ತು. ಮೇಲಿನದನ್ನು ಯಾರೂ ಕಂಡಿಲ್ಲ. ಕಂಡದ್ದನ್ನೂ ಕಾಣದ್ದನ್ನೂ ಒಂದೇ ಕಲ್ಲಿನಲ್ಲಿ, ಒಂದೇ ಅಳತೆಯಲ್ಲಿ, ಒಂದೇ ಕೈಚಳಕದಲ್ಲಿ ಕೆತ್ತಿದರೆ ಎರಡಕ್ಕೂ ಒಂದೇ ತೂಕ ಬರುತ್ತದೆ. ಕೆಳಗಿನದನ್ನು ಒಪ್ಪಿದ ಕಣ್ಣು ಮೇಲಿನದನ್ನು ತಿರಸ್ಕರಿಸುವುದು ಹೇಗೆ? ಅಕ್ಷರ ಬಾರದ ದನಗಾಹಿ ಹುಡುಗನಿಗೂ ನಿಗಮನ ತಲುಪುತ್ತದೆ: ನಾಳೆ ಊರಿನ ತುರು ಹೋದಾಗ ನಾನು ಏನು ಮಾಡಬೇಕು. ವಾದ ಬರಿಗೈಯದೂ ಆಗಿರಲಿಲ್ಲ. ಸತ್ತವನ ಮನೆಯವರಿಗೆ ನೆತ್ತರುಗೊಡಗೆ, ಬಾಳ್ಗಳ್ಚು ಎಂದು ಭೂಮಿ ಕೊಡುತ್ತಿದ್ದುದನ್ನು ಶಾಸನಗಳೇ ಹೇಳುತ್ತವೆ. ಸ್ವರ್ಗದ ಚಿತ್ರದ ಹಿಂದೆ ಗದ್ದೆಯ ಗ್ಯಾರಂಟಿ ಇತ್ತು.

ಈ ಕಲ್ಲುಗಳನ್ನು ವಿದ್ವತ್ತಿನ ಕಣ್ಣಿಗೆ ತಂದವರಲ್ಲಿ ಷ. ಶೆಟ್ಟರ್ ಪ್ರಮುಖರು. 1982ರಲ್ಲಿ ಜರ್ಮನಿಯ ಗುಂಟರ್ ಸೊಂಥೈಮರ್ ಜೊತೆ ಸೇರಿ ಸ್ಮಾರಕ ಶಿಲೆಗಳ ಮೇಲೆ ಅವರು ಸಂಪಾದಿಸಿದ ದೊಡ್ಡ ಸಂಪುಟ ಧಾರವಾಡದಿಂದ ಹೊರಬಂತು. ಅಲ್ಲಿಯವರೆಗೆ ಕಲ್ಲಿನ ಮೇಲಿನ ಅಕ್ಷರಕ್ಕೆ ಸಿಕ್ಕ ಮರ್ಯಾದೆ ಕಲ್ಲಿನ ಮೇಲಿನ ಚಿತ್ರಕ್ಕೆ ಸಿಕ್ಕಿರಲಿಲ್ಲ. ಶಾಸನದಿಂದ ರಾಜರ ವಂಶಾವಳಿ ಸಿಗುತ್ತದಲ್ಲ!

ಗಂಡನ ಚಿತೆಯೇರಿದ ಹೆಂಗಸರ ನೆನಪಿಗೆ ನಿಲ್ಲಿಸಿದ ಮಾಸ್ತಿಕಲ್ಲುಗಳ ಮುಂದೆ ನಿಂತಾಗ ಈ ಮೆಚ್ಚುಗೆಗೆ ಮುಳ್ಳು ಚುಚ್ಚುತ್ತದೆ. ಕಂಬದಿಂದ ಚಾಚಿ ಮೇಲಕ್ಕೆ ಮಡಿಸಿದ ಒಂದು ಕೈ, ಬೆರಳ ನಡುವೆ ನಿಂಬೆಹಣ್ಣು, ಮುಂಗೈ ತುಂಬ ಬಳೆ. ಇಷ್ಟೇ. ಚಿತೆ ಇಲ್ಲ, ಉರಿ ಇಲ್ಲ, ಹೆಂಗಸಿನ ಮುಖವೂ ಎಷ್ಟೋ ಕಡೆ ಇಲ್ಲ. ನೋಡುವವರ ತಲೆಯಲ್ಲಿ ಇರುವ ವ್ಯಾಪ್ತಿ ಒಂದೇ: ಗಂಡ ಸತ್ತರೆ ಬಳೆ ಒಡೆಯಬೇಕು. ಇಲ್ಲಿ ಬಳೆ ಒಡೆದಿಲ್ಲ. ಆದ್ದರಿಂದ ಇವಳು ವಿಧವೆಯಾಗಲಿಲ್ಲ, ಮುತ್ತೈದೆಯಾಗಿಯೇ ಉಳಿದಳು. ಚಿತ್ರಕ್ಕೆ ‘ಇಲ್ಲ’ ಎನ್ನಲು ಬರುವುದಿಲ್ಲ ಎಂದ ಸೋಲ್ ವರ್ತ್ ಇದನ್ನು ನೋಡಬೇಕಿತ್ತು. ಒಡೆಯದ ಬಳೆಯನ್ನು ತೋರಿಸಿ ‘ವೈಧವ್ಯ ಇಲ್ಲ’ ಎಂದು ಕಲ್ಲು ಹೇಳಿಬಿಟ್ಟಿದೆ. ಸುಟ್ಟುಹೋದ ದೇಹವನ್ನು ಮರೆಸಿ ಬಳೆಯನ್ನು ಉಳಿಸುವ ಈ ವಾದದಷ್ಟು ಚುರುಕಾದ, ಇದರಷ್ಟು ನಿರ್ದಯವಾದ ಇನ್ನೊಂದನ್ನು ನಾನು ಕಂಡಿಲ್ಲ. ತಾಂತ್ರಿಕವಾಗಿ ಅದರಲ್ಲಿ ಲೋಪವಿಲ್ಲ. ಕೇಡು ಇರುವುದೆಲ್ಲ ನೋಡುವ ಊರು ಹಾಕಿದ ವ್ಯಾಪ್ತಿಯಲ್ಲಿ. ಆ ವ್ಯಾಪ್ತಿ ಸಡಿಲವಾದಲ್ಲಿ ಅದೇ ಕಲ್ಲು ಬೇರೆಯದನ್ನೇ ಹೇಳತೊಡಗುತ್ತದೆ. ಇಂದು ಅದನ್ನು ನೋಡುವ ಹುಡುಗಿಗೆ ಅದು ಆರೋಪಪಟ್ಟಿ.

ಚಿತ್ರ ಮತ್ತು ಅಕ್ಷರ ಎರಡೂ ಒಂದೇ ಕಲ್ಲಿನಲ್ಲಿದ್ದಾಗ ಯಾವುದು ಯಾವುದಕ್ಕೆ ಮಣಿಯುತ್ತದೆ? ಫ್ರಾನ್ಸಿನ ರೊಲಾಂ ಬಾರ್ತ್ 1964ರಲ್ಲಿ ಪಾಸ್ತಾ ಕಂಪನಿಯೊಂದರ ಜಾಹೀರಾತನ್ನು ಮುಂದಿಟ್ಟುಕೊಂಡು ಈ ಪ್ರಶ್ನೆ ಎತ್ತಿದ್ದರು. ಬಲೆಚೀಲದಿಂದ ಹೊರಚೆಲ್ಲಿದ ಟೊಮೆಟೊ, ಈರುಳ್ಳಿ, ದೊಣ್ಣೆಮೆಣಸಿನ ಬಣ್ಣಗಳು ಸೇರಿ ‘ಇಟಲಿಯತನ’ ಎಂಬ ಭಾವವನ್ನು ಹೇಗೆ ಹುಟ್ಟಿಸುತ್ತವೆಂದು ತೋರಿಸಿ, ಚಿತ್ರದ ಅರ್ಥ ದಿಕ್ಕುದಿಕ್ಕಿಗೆ ತೇಲದಂತೆ ಬರಹ ಲಂಗರು ಹಾಕುತ್ತದೆ ಎಂದರು. ಫ್ರೆಂಚ್ ಪಾಸ್ತಾಕ್ಕಿಂತ ನಮಗೆ ಹತ್ತಿರದ ಉದಾಹರಣೆ ಮಂಡ್ಯ ಸೀಮೆಯ ಆತಕೂರಿನ ಕಲ್ಲು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕೆತ್ತನೆಯಲ್ಲಿರುವುದು ಒಂದು ನಾಯಿ, ಒಂದು ಹಂದಿ, ಎದುರುಬದುರು. ಸುತ್ತಲಿನ ಶಾಸನ ಹೇಳುವುದೋ ಸಾಮ್ರಾಜ್ಯಗಳ ಕಥೆ: 949ರ ತಕ್ಕೋಲಂ ಯುದ್ಧ, ರಾಷ್ಟ್ರಕೂಟ ಮೂರನೆಯ ಕೃಷ್ಣ, ಚೋಳ ರಾಜಾದಿತ್ಯನನ್ನು ಕೊಂದ ಗಂಗ ಬೂತುಗ, ಬೂತುಗನ ಬಂಟ ಮಣಲೇರ. ಆ ಬಂಟ ಮೆಚ್ಚುಗೆಯಾಗಿ ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಕಾಳಿ ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಅದಕ್ಕೆ ಕಲ್ಲು ನಿಂತಿತು, ಪೂಜೆಗೆ ಭೂಮಿ ಬಿಟ್ಟರು.

ಬಾರ್ತ್ ಪ್ರಕಾರ ಅಕ್ಷರ ಚಿತ್ರವನ್ನು ಹಿಡಿದು ನಿಲ್ಲಿಸಬೇಕು. ಆತಕೂರಿನಲ್ಲಿ ನಡೆದಿರುವುದು ತಿರುಗುಮುರುಗು. ಶಾಸನ ರಾಜರನ್ನು ಹೊಗಳಲು ಎಷ್ಟು ಜಾಗ ಕೊಟ್ಟರೂ ಶಿಲ್ಪಿ ರಾಜನನ್ನು ಕೆತ್ತಲಿಲ್ಲ. ಮನುಷ್ಯ ವೀರನಿಗೆ ಮೀಸಲಾದ ಜಾಗದಲ್ಲಿ ನಾಯಿಯನ್ನು ನಿಲ್ಲಿಸಿದ. ಸಾಮ್ರಾಟನ ಯುದ್ಧ ಅಂಚಿಗೆ ಸರಿದು ಕಾಳಿಯ ಕಾಳಗ ನಡುವೆ ಬಂತು. ಶಾಸನತಜ್ಞರಿಗೆ ಈ ಕಲ್ಲು ತಕ್ಕೋಲಂ ಯುದ್ಧದ ದಾಖಲೆ. ನೋಡಲು ಬಂದ ಮಕ್ಕಳಿಗೆ ನಾಯಿಯ ಕಲ್ಲು. ಮಕ್ಕಳ ಓದೇ ಶಿಲ್ಪಿಗೆ ಹತ್ತಿರ.

ಇದುವರೆಗಿನ ಚಿತ್ರಗಳೆಲ್ಲ ನೋಡುವವರಲ್ಲಿ ಮೊದಲೇ ಇದ್ದ ವ್ಯಾಪ್ತಿಯನ್ನು ಸಾಲ ಪಡೆದವು. ಅದನ್ನೇ ಹೊಸದಾಗಿ ಹುಟ್ಟಿಸುವ ಚಿತ್ರಗಳೂ ಇವೆ. ಬಂಗಾಳ ವಿಭಜನೆಯ 1905ರಲ್ಲಿ ಅವನೀಂದ್ರನಾಥ ಟ್ಯಾಗೋರರು ಬರೆದ ಭಾರತಮಾತೆಗೆ ನಾಲ್ಕು ಕೈ: ಒಂದರಲ್ಲಿ ಪುಸ್ತಕ, ಒಂದರಲ್ಲಿ ಭತ್ತದ ತೆನೆ, ಒಂದರಲ್ಲಿ ಬಿಳಿ ಬಟ್ಟೆ, ಒಂದರಲ್ಲಿ ಜಪಮಾಲೆ. ಆ ಚಿತ್ರದಲ್ಲಿ ನಕ್ಷೆ ಇರಲಿಲ್ಲ. ಆಮೇಲಿನ ಅಚ್ಚುಚಿತ್ರಗಳಲ್ಲಿ ತಾಯ ಬೆನ್ನಿಗೆ ದೇಶದ ನಕ್ಷೆ ಬಂತು. ಸರ್ವೆಯವರ ಗಡಿಗೆರೆ ದೇವಿಯ ಮೈಗೆರೆಯಾದ ಬಗೆಯನ್ನು ಸುಮತಿ ರಾಮಸ್ವಾಮಿ 2010ರ ತಮ್ಮ ಪುಸ್ತಕದಲ್ಲಿ ನೂರಾರು ಚಿತ್ರಗಳ ಮೂಲಕ ಹಿಂಬಾಲಿಸಿದ್ದಾರೆ. ನೆಲಕ್ಕೆ ಮೈ ಬಂದಮೇಲೆ ಗಡಿಯ ಜಗಳ ಕಂದಾಯ ಇಲಾಖೆಯ ವಿಷಯವಾಗಿ ಉಳಿಯುವುದಿಲ್ಲ, ಗಾಯವಾಗುತ್ತದೆ. ರಾಜ್ಯೋತ್ಸವದ ಮೆರವಣಿಗೆಯಲ್ಲಿ ಕರ್ನಾಟಕದ ನಕ್ಷೆಯ ಮುಂದೆ ನಿಂತ ಭುವನೇಶ್ವರಿಗೂ ಇದೇ ಮಾತು ಸಲ್ಲುತ್ತದೆ. ಬೆಳಗಾವಿಯ ಬಗ್ಗೆ ತಣ್ಣಗೆ ಮಾತಾಡುವುದು ಯಾಕೆ ಕಷ್ಟ ಎಂಬುದಕ್ಕೆ ಇತಿಹಾಸ, ಭಾಷೆ ಎಲ್ಲ ಕಾರಣ ಇರಬಹುದು. ಆ ಚಿತ್ರವೂ ಒಂದು.

ಚಿತ್ರದ ವಾದ ಬಲವಾದದ್ದೋ ಅಲ್ಲವೋ ಎಂಬುದು ಬರಿಯ ಪಂಡಿತರ ಜಗಳವಾಗಿ ಉಳಿದಿಲ್ಲ, ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ, ಅದೂ ಬೆಂಗಳೂರಿನಲ್ಲಿ. ಭಾರತದಲ್ಲಿ ತಂಬಾಕಿನ ಪೊಟ್ಟಣಗಳ ಮೇಲೆ ಚಿತ್ರದ ಎಚ್ಚರಿಕೆ ಕಡ್ಡಾಯವಾದದ್ದು 2009ರ ಮೇ 31ರಂದು. ಜಗಿಯುವ ತಂಬಾಕಿಗೆ ಆಗ ಆರಿಸಿದ ಚಿತ್ರ ಚೇಳು. ಆರಿಸಿದವರ ತಲೆಯಲ್ಲಿ ಚೇಳು ಎಂದರೆ ವಿಷ, ವಿಷ ಎಂದರೆ ಸಾವು ಎಂಬ ಸರಪಳಿ ಇದ್ದಿರಬೇಕು. ಗುಟ್ಕಾ ಹಾಕುವವನ ತಲೆಯಲ್ಲಿ ಆ ಸರಪಳಿ ಇರಬೇಕಲ್ಲ! ಚೇಳು ಕುಟುಕಿದರೆ ಆ ಕ್ಷಣವೇ ಉರಿಯುತ್ತದೆ; ತಂಬಾಕು ಹತ್ತಾರು ವರ್ಷ ಸುಖ ಕೊಟ್ಟು ಆಮೇಲೆ ಕುಟುಕುತ್ತದೆ. ಚೇಳನ್ನು ವೃಶ್ಚಿಕ ರಾಶಿ ಎಂದೋ ಕಂಪನಿಯ ಗುರುತೆಂದೋ ತಿಳಿಯಲು ಅಡ್ಡಿಯೇನೂ ಇರಲಿಲ್ಲ. ಹೆಸರು ಓದಲಾಗದ ಗಿರಾಕಿಗಳಿಗಾಗಿ ದೇವರು, ಪ್ರಾಣಿ, ಹೂವಿನ ಚಿತ್ರ ಹಾಕಿ ಬೀಡಿ ಮಾರುವ ರೂಢಿ ನಮ್ಮಲ್ಲಿ ಹಳೆಯದು. ಹೊಗೆ ತಪ್ಪು ಬೆಟ್ಟದಲ್ಲಿ ಎದ್ದಿತ್ತು. 2011ರ ಡಿಸೆಂಬರಿನಿಂದ ಚೇಳು ಹೋಗಿ ಹುಣ್ಣಾಗಿ ಕೊಳೆತ ಬಾಯಿಗಳು ಬಂದವು. ಇಲ್ಲಿ ಸರಪಳಿ ಬೇಡ; ನೋಡುವವನಿಗೂ ಬಾಯಿದೆ.

ಮುಂದಿನ ಜಗಳ ಅಳತೆಯದು. ಪೊಟ್ಟಣದ ಮುಂಭಾಗದ ಶೇ 40ರಷ್ಟಿದ್ದ ಎಚ್ಚರಿಕೆಯನ್ನು ಶೇ 85ಕ್ಕೆ ಏರಿಸುವ 2014ರ ನಿಯಮ 2016ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಸಿಗರೇಟು, ಬೀಡಿ ಉದ್ಯಮಗಳು ದೇಶದ ಬೇರೆ ಬೇರೆ ಹೈಕೋರ್ಟುಗಳಿಗೆ ಹೋದವು. ಸುಪ್ರೀಂ ಕೋರ್ಟ್ ಅವನ್ನೆಲ್ಲ ಕರ್ನಾಟಕ ಹೈಕೋರ್ಟಿಗೆ ಒಪ್ಪಿಸಿತು. 2017ರ ಡಿಸೆಂಬರಿನಲ್ಲಿ ಹೈಕೋರ್ಟ್ ಶೇ 85ರ ನಿಯಮವನ್ನು ರದ್ದುಮಾಡಿತು. ಮರುತಿಂಗಳೇ ಸುಪ್ರೀಂ ಕೋರ್ಟ್ ಜನರ ಆರೋಗ್ಯ ಮೊದಲೆಂದು ಆ ಆದೇಶಕ್ಕೆ ತಡೆ ನೀಡಿತು. ದೊಡ್ಡ ಚಿತ್ರ ಉಳಿಯಿತು. ಎರಡೂ ಕಡೆಯ ವಕೀಲರು ಒಂದು ವಿಷಯದಲ್ಲಿ ಒಮ್ಮತದಿಂದ ಇದ್ದ ಹಾಗೆ ನನಗೆ ಕಾಣುತ್ತದೆ: ಚಿತ್ರ ಬರಿಯ ಅಲಂಕಾರವಾಗಿದ್ದರೆ ಅದರ ಒಂದೊಂದು ಚದರ ಇಂಚಿಗೆ ಯಾರೂ ಇಷ್ಟು ಖರ್ಚು ಮಾಡುತ್ತಿರಲಿಲ್ಲ.

ಆ ಚಿತ್ರಗಳನ್ನು ಆಗಾಗ ಬದಲಿಸಬೇಕೆಂದು ನಿಯಮ ಹೇಳುತ್ತದೆ, ಕಣ್ಣು ಒಗ್ಗಿಕೊಂಡರೆ ಕೊಳೆತ ಬಾಯಿಯೂ ಪೊಟ್ಟಣದ ವಿನ್ಯಾಸವಾಗಿಬಿಡುತ್ತದೆ. 2018ರ ಸೆಪ್ಟೆಂಬರ್ 1ರಿಂದ ಬಂದ ಹೊಸ ಸರಣಿಯಲ್ಲಿ ಚಿತ್ರದ ಜೊತೆಗೆ ಇನ್ನೊಂದು ಸೇರಿತು. ಬಾಯಿ, ಗಂಟಲು ತೋರಿಸಿ ‘ಹೀಗಾಗುತ್ತದೆ’ ಎಂದು ಒಪ್ಪಿಸಿದ ಚಿತ್ರಕ್ಕೆ, ಒಪ್ಪಿಕೊಂಡವನು ಮುಂದೆ ಏನು ಮಾಡಬೇಕೆಂದು ಹೇಳುವ ದಾರಿ ಗೊತ್ತಿರಲಿಲ್ಲ. ಅದಕ್ಕಾಗಿ ಪೊಟ್ಟಣದ ಮೇಲೆ ತಂಬಾಕು ಬಿಡಲು ನೆರವಾಗುವ ಉಚಿತ ದೂರವಾಣಿ ಸಂಖ್ಯೆಯನ್ನು ಅಚ್ಚು ಹಾಕಿದರು: 1800-11-2356.